ಹಾಲೂಡಿಸುವ ತಾಯಿಗೆ ಇದ್ದತ್ ಎಷ್ಟು ಕಾಲ?

ಪ್ರಶ್ನೆ: ನನ್ನ ತಂಗಿಗೆ ಗಂಡ ಒಂದು ತಲಾಕ್ ನೀಡಿದ್ದಾನೆ. ಐದು ತಿಂಗಳ ಮಗುವಿಗೆ ಹಾಲೂಡಿಸುತ್ತಿರುವ ಅವಳಿಗೆ ಹೆರಿಗೆಯ ನಂತರ ಇನ್ನೂ ಮುಟ್ಟಾಗಿಲ್ಲ. ತೊಂಬತ್ತು ದಿನ ಕಳೆದರೆ ಇದ್ದತ್ (ತಲಾಕ್ ಆದವಳು ಮರುಮದುವೆಗೆ ಮುನ್ನ ಕಾಯಬೇಕಾದ ಅವಧಿ) ಮುಗಿಯುತ್ತದೆಂದು ಹಿರಿಯರೂ, ಅಲ್ಲಿಯವರೆಗೆ ತವರಿನಲ್ಲೇ ಇರಲೆಂದು ಗಂಡನ ಮನೆಯವರೂ ಹೇಳುತ್ತಾರೆ. ಇದು ಸರಿಯೇ?
– ಒಬ್ಬ ಓದುಗ, ಬಂಟ್ವಾಳ

ಉತ್ತರ: ಎರಡೂ ಸರಿಯಲ್ಲ. ಮೂರು ತಿಂಗಳ ಲೆಕ್ಕವನ್ನು ಕುರ್‌ಆನ್ (65:4) ಹೇಳಿರುವುದು ಮುಟ್ಟು ನಿಂತವರಿಗೆ ಮತ್ತು ಮುಟ್ಟೇ ಆಗದವರಿಗೆ. ಗರ್ಭಿಣಿಗೆ ಹೆರಿಗೆಯವರೆಗೆ ಇದ್ದತ್. ಉಳಿದವರು ಮೂರು 'ಕುರೂ' (ಮುಟ್ಟಿನ ಚಕ್ರಕ್ಕೆ ಸಂಬಂಧಿಸಿದ ಅವಧಿ) ಕಾಯಬೇಕು (2:228). ಹಾಲೂಡಿಸುವುದರಿಂದ ಮುಟ್ಟು ತಡವಾಗಿರುವ ನಿಮ್ಮ ತಂಗಿ ಈ ಗುಂಪಿಗೇ ಸೇರುವುದರಿಂದ, ಮುಟ್ಟು ಮರಳಿ ಮೂರು ಕುರೂ ಪೂರ್ಣವಾಗುವವರೆಗೂ ಅವರ ಇದ್ದತ್ ಮುಂದುವರಿಯುತ್ತದೆ. ಕರಾವಳಿಯ ಬ್ಯಾರಿಗಳೂ ಭಟ್ಕಳದ ನವಾಯತರೂ ಅನುಸರಿಸುವ ಶಾಫಿಈ ಮದ್‌ಹಬ್‌ನಲ್ಲಿ (ಇಸ್ಲಾಮಿಕ್ ಕಾನೂನಿನ ಒಂದು ಪರಂಪರೆ) ಕುರೂ ಎಂದರೆ ಶುದ್ಧಿಯ, ಅಂದರೆ ಎರಡು ಮುಟ್ಟುಗಳ ನಡುವಿನ, ಅವಧಿ. ತಲಾಕ್ ನೀಡಿದಾಗಿನ ಶುದ್ಧಿಯೂ ಲೆಕ್ಕಕ್ಕೆ ಬರುವುದರಿಂದ ಮೂರನೇ ಮುಟ್ಟು ಆರಂಭವಾದಾಗ ಇದ್ದತ್ ಮುಗಿಯುತ್ತದೆ. ಹನಫಿ ಮದ್‌ಹಬ್‌ನ ಪ್ರಕಾರ ಕುರೂ ಎಂದರೆ ಮುಟ್ಟು; ಆದ್ದರಿಂದ ಮೂರನೇ ಮುಟ್ಟು ಪೂರ್ಣವಾಗಿ ಮುಗಿಯಬೇಕು.

ಇನ್ನು ವಾಸದ ವಿಷಯ. ಇದ್ದತ್ ಎಂದರೆ ಹೆಣ್ಣಿನ ಮೇಲಿನ ನಿರ್ಬಂಧಗಳ ಪಟ್ಟಿ ಮಾತ್ರ ಎಂಬಂತೆ ನಮ್ಮವರು ಮಾತನಾಡುತ್ತಾರೆ. ಗಂಡಿನ ಹೊಣೆಯನ್ನು ಜಾಣತನದಿಂದ ಮರೆಯುತ್ತಾರೆ. ತಲಾಕ್ ನೀಡಿದ ಹೆಂಡತಿಯರನ್ನು 'ಅವರ ಮನೆಗಳಿಂದ' ಹೊರಹಾಕಬೇಡಿ ಎಂದು ಕುರ್‌ಆನ್ (65:1) ಪುರುಷರಿಗೇ ಆಜ್ಞಾಪಿಸುತ್ತದೆ. ಮರಳಿ ಸ್ವೀಕರಿಸಲು ಅವಕಾಶವಿರುವ ಇಂಥ ತಲಾಕ್‌ನಲ್ಲಿ ವಸತಿಯೂ ಖರ್ಚೂ ಗಂಡನದ್ದೇ ಎಂಬುದರಲ್ಲಿ ಮದ್‌ಹಬ್‌ಗಳ ನಡುವೆ ಭಿನ್ನಾಭಿಪ್ರಾಯವಿಲ್ಲ. ಇದ್ದತ್ ದೀರ್ಘವಾದಷ್ಟೂ ಆ ಹೊಣೆಯೂ ದೀರ್ಘವಾಗುತ್ತದೆ. ತೊಂಬತ್ತು ದಿನಗಳ ಲೆಕ್ಕ ಯಾರಿಗೆ ಅನುಕೂಲವೆಂದು ನೀವೇ ಊಹಿಸಬಹುದು. ಆ ಅವಧಿ ಮುಗಿಯಿತೆಂದು ನಂಬಿ ಬೇರೆ ನಿಕಾಹ್ ಮಾಡಿಸಿದರೆ ಅದು ಸಿಂಧುವಾಗುವುದಿಲ್ಲ.

ಕಾನೂನು ಕೂಡ ನಿಮ್ಮ ತಂಗಿಯ ಪರವಾಗಿದೆ. 1986ರ ಮುಸ್ಲಿಂ ಮಹಿಳೆಯರ (ವಿಚ್ಛೇದನದ ನಂತರದ ಹಕ್ಕುಗಳ ಸಂರಕ್ಷಣೆ) ಕಾಯಿದೆಯ ಪ್ರಕಾರ ಪತಿ ಇದ್ದತ್ ಅವಧಿಯೊಳಗೆ ನ್ಯಾಯಯುತವಾದ ಏರ್ಪಾಡನ್ನೂ ಜೀವನಾಂಶವನ್ನೂ ಕೊಡಬೇಕು. ಆ ಏರ್ಪಾಡು ಅವಳ ಮುಂದಿನ ಬದುಕಿಗೂ ಸಾಕಾಗುವಂತಿರಬೇಕೆಂದು ಡ್ಯಾನಿಯಲ್ ಲತೀಫಿ ಪ್ರಕರಣದಲ್ಲಿ (2001) ಸುಪ್ರೀಂ ಕೋರ್ಟ್ ಸ್ಪಷ್ಟಪಡಿಸಿತು. ಮಗುವಿಗೆ ಎರಡು ವರ್ಷ ತುಂಬುವವರೆಗಿನ ಪೋಷಣೆಯೂ ಅದೇ ಕಾಯಿದೆಯಲ್ಲಿದೆ. ವಿಚ್ಛೇದಿತ ಮುಸ್ಲಿಂ ಮಹಿಳೆ ಸಾಮಾನ್ಯ ಕಾನೂನಿನಡಿಯಲ್ಲೂ ಜೀವನಾಂಶ ಕೇಳಬಹುದೆಂದು ಅದೇ ನ್ಯಾಯಾಲಯ 2024ರಲ್ಲಿ ಪುನರುಚ್ಚರಿಸಿದೆ. ತಲಾಕ್ ನೀಡಿದ ದಿನಾಂಕವನ್ನು ಮಸೀದಿಯ ಜಮಾಅತ್‌ನಲ್ಲಿ ಬರವಣಿಗೆಯಲ್ಲಿ ದಾಖಲಿಸಿ, ಅದರ ಪ್ರತಿಯೊಂದನ್ನು ತಂಗಿಯ ಬಳಿ ಇರಿಸಿ.