ಕುರುಡನಿಗೆ ಕಣ್ಣು ಬಂದಾಗ ಫರಿಸಾಯರಲ್ಲೇ ಒಡಕು ಮೂಡಿದ್ದು ಯಾಕೆ?

ಫರಿಸಾಯರೆಂದರೆ ಧರ್ಮಶಾಸ್ತ್ರವನ್ನು ಕಟ್ಟುನಿಟ್ಟಾಗಿ ಪಾಲಿಸುತ್ತಿದ್ದ ಯೆಹೂದಿ ಪಂಗಡದವರು. ಅವರಲ್ಲಿ ಜಗಳ ಎದ್ದದ್ದು ಕಣ್ಣು ಬಂದದ್ದಕ್ಕಿಂತ ಜಾಸ್ತಿ, ಅದು ಬಂದ ದಿನದ ಮೇಲೆ. ಬೈಬಲಿನಲ್ಲಿ ಯೋಹಾನನ ಸುವಾರ್ತೆಯ 9ನೇ ಅಧ್ಯಾಯ ನೋಡಿ. ಯೇಸು ಉಗುಳಿನಿಂದ ಮಣ್ಣು ಕಲಸಿ ಹುಟ್ಟುಕುರುಡನ ಕಣ್ಣಿಗೆ ಹಚ್ಚಿ, ಸಿಲೋವ ಕೊಳದಲ್ಲಿ ತೊಳೆದುಕೊಳ್ಳಲು ಕಳಿಸಿದರು. ಅವತ್ತು ಸಬ್ಬತ್, ಕೆಲಸ ಮಾಡಬಾರದ ದಿನ. ಯೆಹೂದಿ ಸಂಪ್ರದಾಯದಲ್ಲಿ ಕಲಸುವುದು, ನಾದುವುದು ಕೂಡ ಕೆಲಸವೇ. ಹಾಗಾಗಿ ಕೆಲವು ಫರಿಸಾಯರು ಈ ಯೇಸು ದೇವರ ಕಡೆಯವನಲ್ಲ ಎಂದರು. ಇನ್ನು ಕೆಲವರು, ಪಾಪಿಯಿಂದ ಇಂಥದ್ದೆಲ್ಲ ಆಗುತ್ತದೆಯೇ ಎಂದು ತಿರುಗಿ ಕೇಳಿದರು. ಅವರಲ್ಲಿ ಭೇದ ಉಂಟಾಯಿತೆಂದು 16ನೇ ವಚನವೇ ಹೇಳುತ್ತದೆ.

ಫರಿಸಾಯರೆಲ್ಲ ಒಂದೇ ಎಂದು ಸುಮ್ನೆ ಅಂದುಕೊಂಡಿರುತ್ತೇವೆ, ಅಲ್ವಾ? 7ನೇ ಅಧ್ಯಾಯದಲ್ಲೂ ನಿಕೊದೇಮ ಎಂಬ ಫರಿಸಾಯ, ಯೇಸುವನ್ನು ವಿಚಾರಿಸದೆ ತೀರ್ಪು ಕೊಡುವುದು ಸರಿಯೇ ಎಂದು ತನ್ನವರನ್ನೇ ಕೇಳಿದ್ದ. ಬೈಸಿಕೊಂಡ. ಕಣ್ಣು ಬಂದವನನ್ನಂತೂ ಹೊರಗೇ ಹಾಕಿದರು.