ತೇವ ಕಂಡ ಕಡೆ ಇನ್ನೊಂದು ಕೋಲು

ನೀವು ಕೇಳಿದ್ದು ಇಷ್ಟು: ಬೆಳಿಗ್ಗೆ ಎದ್ದರೆ ಯಾವುದಕ್ಕೂ ಮನಸ್ಸಿಲ್ಲ, ‘ಒಳ್ಳೆಯದನ್ನೇ ಯೋಚಿಸು, ಊರು ಸುತ್ತು’ ಎನ್ನುತ್ತಾರೆ, ಸುತ್ತಲು ದುಡ್ಡಿಲ್ಲ, ದಿನದ ಸ್ಫೂರ್ತಿ ನಿಮಗೆಲ್ಲ ಎಲ್ಲಿಂದ ಬರುತ್ತದೆ?

ನಾನು ಕಾಸರಗೋಡಿನ ಬದಿಯಡ್ಕ ಕಡೆಯ ಅಡಕೆ ಕೃಷಿಕ. ನಮ್ಮ ಮನೆಗೆ ನೀರು ಬರುವುದು ಸುರಂಗದಿಂದ. ಗುಡ್ಡದ ಮುರಕಲ್ಲನ್ನು ಅಡ್ಡಕ್ಕೆ, ಒಬ್ಬ ಮನುಷ್ಯ ನುಗ್ಗುವಷ್ಟೇ ಅಗಲಕ್ಕೆ ಕೊರೆಯುತ್ತ ಹೋಗುತ್ತಾರೆ. ಒರತೆ ಸಿಕ್ಕರೆ ನೀರು ತಾನಾಗಿ ಹರಿದು ಹೊರಗೆ ಬರುತ್ತದೆ, ಪಂಪು ಬೇಡ, ಕರೆಂಟು ಬೇಡ. ಬಾಯಾರು, ಪಡ್ರೆ, ಎಣ್ಮಕಜೆ ಕಡೆ ಇಂಥವು ಬೇಕಾದಷ್ಟಿವೆ. ಅಳತೆ ಕೋಲಿನಲ್ಲಿ, ಒಂದು ಕೋಲೆಂದರೆ ಸುಮಾರು ಎರಡೂವರೆ ಅಡಿ. ಒಳಗೆ ಮೇಣದಬತ್ತಿ ಹಚ್ಚಿಟ್ಟುಕೊಂಡು ಕೆಲಸ. ಬತ್ತಿ ನಂದಿತೆಂದರೆ ಉಸಿರಾಡುವ ಗಾಳಿ ಸಾಲದು, ಹೊರಗೆ ಬಂದುಬಿಡಬೇಕು.

ನಮ್ಮದನ್ನು ಅಜ್ಜ ತೋಡಿಸಿದ್ದು. ತೋಡಲು ಬಂದವರು ‘ನೀರು ಸಿಕ್ಕೇ ಸಿಗುತ್ತದೆ’ ಎಂದು ಹೇಳಲಿಲ್ಲವಂತೆ. ಗುಡ್ಡದ ಮೇಲೆ ಯಾವ ಮರ ಬೆಳೆದಿದೆ ನೋಡಿದರು, ಆಮೇಲೆ ದಿನಾ ಹೊರಗೆ ಬಂದ ಮಣ್ಣನ್ನು ಅಂಗೈಯಲ್ಲಿ ಹಿಚುಕಿ ನೋಡಿದರು. ತೇವ ಇದೆಯೇ? ಹಾಗಾದರೆ ನಾಳೆ ಇನ್ನೊಂದು ಕೋಲು. ಒಳ್ಳೆಯದನ್ನು ಯೋಚಿಸುವುದು ಎಂದರೆ ನನ್ನ ಮಟ್ಟಿಗೆ ಇದೇ. ಎಲ್ಲ ಸರಿಹೋಗುತ್ತದೆ ಎಂದು ಮನಸ್ಸಿಗೆ ಸುಳ್ಳು ಹೇಳಿಕೊಂಡರೆ ಅದು ನಂಬುವುದಿಲ್ಲ, ನನ್ನದಂತೂ ನಂಬಲಿಲ್ಲ.

ಒಂದು ವರ್ಷ ಮಳೆ ಬಿಡುವು ಕೊಡಲೇ ಇಲ್ಲ. ಹೊತ್ತಿಗೆ ಸರಿಯಾಗಿ ಮದ್ದು ಬಿಡಲಾಗದೆ ಕೊಳೆರೋಗಕ್ಕೆ ಅರ್ಧ ಅಡಕೆ ಉದುರಿತು. ತೋಟಕ್ಕೆ ಇಳಿಯಲೇ ಕಾಲು ಬರುತ್ತಿರಲಿಲ್ಲ. ಆಗ ಹಳೆಯ ಲೆಕ್ಕದ ಪುಸ್ತಕದಲ್ಲಿ ದಿನಕ್ಕೊಂದು ಸಾಲು ಬರೆಯತೊಡಗಿದೆ: ‘ಕೆಳಗಿನ ತಟ್ಟಿನಲ್ಲಿ ಒಂದು ಮರಕ್ಕೆ ಹೊಸ ಹಿಂಗಾರ.’ ‘ಮಗಳು ತಾನಾಗಿ ಬಂದು ಉದುರಿದ ಅಡಕೆ ಹಾಳೆ ಹೆಕ್ಕಿದಳು.’ ಅಷ್ಟೇ. ನಿಮಗೆ ತಿಂಗಳುಗಟ್ಟಲೆ ಹೀಗೇ ಇದ್ದರೆ, ನಿದ್ದೆ ಊಟ ಕೆಟ್ಟಿದ್ದರೆ, ದಯವಿಟ್ಟು ಡಾಕ್ಟರನ್ನು ಕಾಣಿ. ಬತ್ತಿ ನಂದಿದ ಮೇಲೂ ಒಳಗೆ ಕೂರಬಾರದು.

ಇನ್ನು ಕಲೆ. ಕುಂಬಳೆ ಯಕ್ಷಗಾನ ಕವಿ ಪಾರ್ತಿಸುಬ್ಬನ ಊರು, ಇಲ್ಲಿ ಹುಟ್ಟಿದವರಿಗೆ ಚೆಂಡೆ ಕೇಳಿದರೆ ಕಾಲು ನಿಲ್ಲುವುದಿಲ್ಲ. ಆದರೆ ನನ್ನನ್ನು ಎಬ್ಬಿಸಿ ನಿಲ್ಲಿಸಿದ್ದು ರಂಗಸ್ಥಳವಲ್ಲ, ಚೌಕಿ, ಅಂದರೆ ವೇಷ ಕಟ್ಟುವ ಬಣ್ಣದ ಮನೆ. ಆ ವರ್ಷವೇ ಒಂದು ಆಟಕ್ಕೆ ಬೇಗ ಹೋಗಿದ್ದೆ. ಬಣ್ಣದ ವೇಷದ, ಅಂದರೆ ರಾಕ್ಷಸ ಪಾತ್ರದ, ಕಲಾವಿದರೊಬ್ಬರು ಕನ್ನಡಿ ಹಿಡಿದು ಕೂತು ತಮ್ಮ ಮುಖಕ್ಕೆ ತಾವೇ ಚಿಟ್ಟಿ ಇಡುತ್ತಿದ್ದರು. ಅಕ್ಕಿಹಿಟ್ಟಿಗೆ ಸುಣ್ಣ ಸೇರಿಸಿದ ಹದ, ಸಣ್ಣ ಕಡ್ಡಿ, ಒಂದರ ಪಕ್ಕ ಒಂದು ಚುಕ್ಕೆ. ಎರಡು ಗಂಟೆ ಮೀರಿತು. ವೇಷ ರಂಗದಲ್ಲಿದ್ದದ್ದು ಅದರ ಕಾಲು ಭಾಗವೂ ಅಲ್ಲ. ಆಟ ಮುಗಿದ ಮೇಲೆ ಅಷ್ಟನ್ನೂ ಕೆರೆದು ತೆಗೆದು, ಎಣ್ಣೆ ಹಚ್ಚಿ ಒರೆಸಿಕೊಂಡರು. ನಾಳೆ ಬೇರೆ ಊರು, ಮತ್ತೆ ಮೊದಲ ಚುಕ್ಕೆಯಿಂದ. ಮರುದಿನ ಬೆಳಿಗ್ಗೆ ನಾನು ತೋಟಕ್ಕೆ ಇಳಿದೆ.

ಪ್ರವಾಸಕ್ಕೆ ದುಡ್ಡು ಬೇಕೆಂದು ಯಾರು ಹೇಳಿದರು? ನನ್ನದು ಭಾನುವಾರದ ಬಸ್ಸು, ರೈಲು. ಒಮ್ಮೆ ಮಂಜೇಶ್ವರಕ್ಕೆ ಹೋಗಿ ಗೋವಿಂದ ಪೈಗಳ ಮನೆ ನೋಡಿ ಬರುತ್ತೇನೆ. 1949ರಲ್ಲಿ ಮದ್ರಾಸ್ ಸರಕಾರ ರಾಷ್ಟ್ರಕವಿ ಎಂದು ಗೌರವಿಸಿದ ಮನುಷ್ಯ ಓದುತ್ತ ಬರೆಯುತ್ತ ಇದ್ದದ್ದು ಈ ಗಡಿಮೂಲೆಯಲ್ಲೇ. ಇನ್ನೊಮ್ಮೆ ಬೇಕಲ ಕೋಟೆ. ಶಿವಪ್ಪ ನಾಯಕ ಕಟ್ಟಿಸಿದ ಗೋಡೆಯ ಮೇಲೆ ಕೂತು ಸಮುದ್ರ ನೋಡುತ್ತ ಚಿತ್ತಾರ ಗೀಚುತ್ತೇನೆ, ಯಾರಿಗೂ ತೋರಿಸುವುದಕ್ಕಲ್ಲ.

ಯಕ್ಷಗಾನ ಮೇಳಗಳು ತಿರುಗಾಟಕ್ಕೆ ಹೊರಡುವುದು ನವೆಂಬರ್ ಹೊತ್ತಿಗೆ. ಮೇ ಕೊನೆಯ ಪತ್ತನಾಜೆಗೆ, ಅಂದರೆ ತುಳುವರ ಬೇಶ ತಿಂಗಳ ಹತ್ತನೆಯ ದಿನಕ್ಕೆ, ಗೆಜ್ಜೆ ಬಿಚ್ಚುತ್ತಾರೆ. ಈಗ ಬಹಳ ಆಟಗಳು ಮಧ್ಯರಾತ್ರಿಗೇ ಮುಗಿಯುತ್ತವೆ, ಆದ್ದರಿಂದ ಬರುವುದಾದರೆ ಸಂಜೆಗೇ ಬನ್ನಿ. ಚಪ್ಪಲಿ ಹೊರಗೆ ಬಿಟ್ಟು, ಚೌಕಿಯ ಗಣಪತಿಗೆ ಕೈಮುಗಿದು, ಬಣ್ಣ ಹಾಕುವವರ ಬೆಳಕಿಗೆ ಅಡ್ಡ ಬಾರದಂತೆ ಮೂಲೆಯಲ್ಲಿ ಕೂತರೆ ಯಾರೂ ಎಬ್ಬಿಸುವುದಿಲ್ಲ.