ಜರಡಿ ನಡುಗುತ್ತಲೇ ಇದೆ, ಮರಳು ಮಾತ್ರ ಬಸಿಯುತ್ತಿಲ್ಲ: ಓದುಗರ ಪ್ರಶ್ನೆಗೆ ತಜ್ಞರ ಉತ್ತರ

ನೀರು, ಕೆಸರು, ಬೆಂಟೊನೈಟ್ (ಕೊರೆಯುವಾಗ ನೀರಿಗೆ ಬೆರೆಸುವ ಜೇಡಿಮಣ್ಣು), ತೆಂಗಿನ ಹಾಲು ಇಂಥವುಗಳಿಂದ ಘನ ಪದಾರ್ಥ ಬೇರ್ಪಡಿಸುವ ವೈಬ್ರೇಟಿಂಗ್ ಸ್ಕ್ರೀನ್‌ಗಳ ಬಗ್ಗೆ ಬಂದ ಪ್ರಶ್ನೆಗಳನ್ನು ಈ ಸಲ ಆಯ್ದುಕೊಂಡಿದ್ದೇವೆ. ಒಂದೇ ತೊಂದರೆಯ ಬಗ್ಗೆ ಹಲವರು ಬರೆದಿದ್ದರೆ ಅವನ್ನು ಸೇರಿಸಿ ಒಂದೇ ಪ್ರಶ್ನೆಯಾಗಿಸಿದ್ದೇವೆ.

ಪ್ರಶ್ನೆ: ನಮ್ಮದು ಗಂಟೆಗೆ 60 ಟನ್ ಸಾಮರ್ಥ್ಯದ ಎಂ-ಸ್ಯಾಂಡ್ ವಾಷಿಂಗ್ ಘಟಕ. ಡಿವಾಟರಿಂಗ್ ಸ್ಕ್ರೀನಿನಿಂದ (ನೀರು ಬಸಿಯುವ ಜರಡಿ) ಬೀಳುವ ಮರಳಿನಲ್ಲಿ ನೀರು ಹಾಗೇ ಉಳಿಯುತ್ತದೆ, ಬೆಲ್ಟ್ ಮೇಲೆ ನಿಲ್ಲದೆ ಜಾರುತ್ತದೆ. ಕೆಳಗಿನ ಸಂಪಿನಲ್ಲೂ ಮರಳು ತುಂಬುತ್ತಿದೆ. 0.5 ಮಿ.ಮೀ. ಸೀಳಿನ ಪ್ಯಾನಲ್ (ಜರಡಿಯ ಹಾಸು) ತೆಗೆದು 0.25 ಹಾಕಿದೆವು. ಪರಿಸ್ಥಿತಿ ಇನ್ನೂ ಕೆಟ್ಟಿತು. ಏಕೆ? (ದೇವನಹಳ್ಳಿ)

ಹಳೆಯ 0.5 ಪ್ಯಾನಲ್‌ಗಳನ್ನೇ ವಾಪಸ್ ಹಾಕಿ. ಈ ಯಂತ್ರದಲ್ಲಿ ಸಣ್ಣ ಮರಳನ್ನು ತಡೆದು ನಿಲ್ಲಿಸುವುದು ಪ್ಯಾನಲ್ಲಿನ ಸೀಳಲ್ಲ, ಅದರ ಮೇಲೆ ಕಟ್ಟಿಕೊಳ್ಳುವ ಮರಳಿನ ಪದರ. ದಪ್ಪ ಕಣಗಳು ಸೀಳಿಗೆ ಅಡ್ಡ ನಿಲ್ಲುತ್ತವೆ, ಅವುಗಳ ಸಂದಿಯಲ್ಲಿ ಸಣ್ಣವು ಸಿಕ್ಕಿಕೊಳ್ಳುತ್ತವೆ, ನೀರು ಮಾತ್ರ ಇಳಿಯುತ್ತದೆ. 150 ಮೈಕ್ರಾನಿನ ಕಣ 500 ಮೈಕ್ರಾನಿನ ಸೀಳಿನ ಮೇಲೆ ನಿಲ್ಲುವುದು ಹೀಗೆ. ನೀವು ಸೀಳನ್ನು ಅರ್ಧಕ್ಕೆ ಇಳಿಸಿದಾಗ ಪ್ಯಾನಲ್ಲಿನಲ್ಲಿ ನೀರಿಗೆ ತೆರೆದಿರುವ ಜಾಗ ಕುಗ್ಗಿತು. ಇಳಿಯಬೇಕಾದ ನೀರು ಪದರದ ಮೇಲೆ ತೇಲಿ, ಪದರವನ್ನೇ ಕದಡಿಬಿಟ್ಟಿತು.

ತೊಂದರೆಯ ಮೂಲ ಬಹುತೇಕ ಮೇಲಿನ ಹೈಡ್ರೋಸೈಕ್ಲೋನಿನಲ್ಲಿ ಇರುತ್ತದೆ. ಸ್ಲರಿಯನ್ನು, ಅಂದರೆ ಮರಳು–ನೀರಿನ ಮಿಶ್ರಣವನ್ನು, ಸುಳಿಯಂತೆ ತಿರುಗಿಸಿ ಮರಳನ್ನು ಕೆಳಬಾಯಿಗೂ ಹೂಳುನೀರನ್ನು ಮೇಲಕ್ಕೂ ಕಳಿಸುವ ಸಾಧನ ಅದು. ಅದರ ಅಂಡರ್‌ಫ್ಲೋ (ಕೆಳಬಾಯಿಯಿಂದ ಬರುವ ಸ್ಲರಿ) ತೆಳುವಾಗಿ ಬರುತ್ತಿದೆಯೇ ಎಂದು ನೋಡಲು ಒಂದು ಲೀಟರ್ ಮಗ್ಗು, ಒಂದು ತಕ್ಕಡಿ ಸಾಕು. ಮಗ್ಗು ತುಂಬ ಸ್ಲರಿ ಹಿಡಿದು, ಮಗ್ಗಿನ ತೂಕ ಕಳೆಯಿರಿ. ಗ್ರಾನೈಟ್ ಮರಳಿನ ಸಾಂದ್ರತೆ 2.65 ಎಂದು ಹಿಡಿದರೆ, 1.77 ಕೆ.ಜಿ. ಬಂದಾಗ ತೂಕದಲ್ಲಿ 70% ಮರಳಿದೆ ಎಂದರ್ಥ. 1.60 ಬಂದರೆ 60%, 1.45 ಬಂದರೆ 50% ಮಾತ್ರ. ಈ ವ್ಯತ್ಯಾಸ ಸಣ್ಣದಲ್ಲ. 70% ಇದ್ದರೆ 60 ಟನ್ ಮರಳಿನ ಜೊತೆ ಜರಡಿಗೆ ಬೀಳುವ ನೀರು ಸುಮಾರು 26 ಟನ್. 50% ಇದ್ದರೆ 60 ಟನ್. ಎರಡು ಪಟ್ಟಿಗಿಂತ ಹೆಚ್ಚು ನೀರನ್ನು ಅಷ್ಟೇ ಉದ್ದದ ಡೆಕ್ (ಜರಡಿಯ ಮೇಲ್ಮೈ) ಬಸಿಯಬೇಕು.

ಸೈಕ್ಲೋನಿನ ಕೆಳಬಾಯಿಯಿಂದ ಸ್ಲರಿ 20–30 ಡಿಗ್ರಿಯಷ್ಟು ಬಿಚ್ಚಿಕೊಂಡು ಕಿರಿದಾದ ಕೊಡೆಯಾಗಿ ಬೀಳಬೇಕು. ಅಗಲವಾಗಿ ಚಿಮ್ಮಿದರೆ ಕೆಳಬಾಯಿ ಸವೆದಿದೆ, ನೀರು ಅಲ್ಲಿಂದ ಸೋರುತ್ತಿದೆ. ಗ್ರಾನೈಟ್ ಮರಳಿಗೆ ಈ ರಬ್ಬರ್ ತುಂಡು ಬೇಗ ಸವೆಯುತ್ತದೆ. ಕ್ಯಾಲಿಪರ್‌ನಲ್ಲಿ ಅಳೆದು ಬದಲಿಸಿ, ಕಣ್ಣಳತೆಯನ್ನು ನಂಬಬೇಡಿ. ಬಿಚ್ಚಿಕೊಳ್ಳದೆ ಹಗ್ಗದಂತೆ ನೇರವಾಗಿ ಇಳಿದರೆ ಸಮಸ್ಯೆ ತದ್ವಿರುದ್ಧ. ಆಗ ಕೆಳಬಾಯಿ ಚಿಕ್ಕದಾಗಿ, ಒಳ್ಳೆಯ ಮರಳು ಓವರ್‌ಫ್ಲೋನಲ್ಲಿ (ಮೇಲಿನಿಂದ ಹೊರಹೋಗುವ ನೀರು) ಹೂಳಿನ ಜೊತೆ ಕೊಚ್ಚಿಹೋಗುತ್ತಿರುತ್ತದೆ. ಸಂಪಿನ ನೀರಿನ ಮಟ್ಟವನ್ನೂ ಗಮನಿಸಿ. ಮಟ್ಟ ಇಳಿದು ಪಂಪ್ ಗಾಳಿ ಎಳೆದರೆ ಸೈಕ್ಲೋನಿನ ಒತ್ತಡ ಏರಿಳಿಯುತ್ತದೆ, ಜರಡಿಯ ಮೇಲಿನ ಪದರ ಪ್ರತಿ ಸಲವೂ ಒಡೆಯುತ್ತದೆ. ಓವರ್‌ಫ್ಲೋನ ಒಂದು ಪಾಲನ್ನು ಫ್ಲೋಟ್ ವಾಲ್ವ್ ಮೂಲಕ ಸಂಪಿಗೆ ಮರಳಿಸಿದರೆ ಮಟ್ಟ ನಿಲ್ಲುತ್ತದೆ.

ಇಷ್ಟೆಲ್ಲ ಸರಿಯಿದ್ದ ಮೇಲೆ ಜರಡಿಗೆ ಬನ್ನಿ. ಡೆಕ್ ಮರಳು ಬೀಳುವ ತುದಿಯ ಕಡೆಗೆ 3ರಿಂದ 5 ಡಿಗ್ರಿ ಏರಿರಬೇಕು. ತುದಿಯ ಅಡ್ಡಪಟ್ಟಿಯನ್ನು ಎಷ್ಟು ಎತ್ತರಿಸುತ್ತೀರೋ ಪದರ ಅಷ್ಟು ದಪ್ಪ. ನಿಮ್ಮ ಗಾತ್ರದ ಯಂತ್ರಕ್ಕೆ 100 ಮಿ.ಮೀ. ಸುತ್ತಮುತ್ತ ಇಟ್ಟು ನೋಡಿ. ಶಿಫ್ಟ್ ಆರಂಭದಲ್ಲಿ ಪದರ ಕಟ್ಟುವವರೆಗೆ ಮರಳು ಕೆಳಕ್ಕೆ ಇಳಿಯುವುದು ಸಹಜ. ಅದು ಸಂಪಿನಿಂದ ಮತ್ತೆ ಸೈಕ್ಲೋನಿಗೆ ಹೋಗಿ ಬರುತ್ತದೆ, ಹೆದರಬೇಕಿಲ್ಲ. ಪ್ಲಾಂಟ್ ಪದೇ ಪದೇ ನಿಲ್ಲಿಸಿ ಹಚ್ಚುವ ಕಡೆ ಸಂಪು ತುಂಬುವುದಕ್ಕೆ ಇದೇ ಕಾರಣ.

ಇನ್ನು ಜಿ-ಫೋರ್ಸ್, ಅಂದರೆ ನಡುಕದ ವೇಗೋತ್ಕರ್ಷ ಗುರುತ್ವದ ಎಷ್ಟು ಪಟ್ಟು ಎಂಬ ಅಳತೆ. ಸ್ಟ್ರೋಕನ್ನು (ಒಂದು ನಡುಕದಲ್ಲಿ ಜರಡಿ ಸರಿಯುವ ಒಟ್ಟು ದೂರ) ಮಿ.ಮೀ.ನಲ್ಲಿ ತೆಗೆದುಕೊಂಡು ಆರ್‌ಪಿಎಂನ ವರ್ಗದಿಂದ ಗುಣಿಸಿ, 17,89,000ದಿಂದ ಭಾಗಿಸಿ. 970 ಆರ್‌ಪಿಎಂನ ಆರು ಪೋಲ್ ಮೋಟಾರ್, 6 ಮಿ.ಮೀ. ಸ್ಟ್ರೋಕ್ ಇದ್ದರೆ ಸಿಗುವುದು 3.2 ಜಿ. ಮರಳಿನ ನೀರು ಬಿಡಿಸಲು ಇದು ಕಡಿಮೆ. ಅದೇ ವೇಗದಲ್ಲಿ 8 ಮಿ.ಮೀ. ಸ್ಟ್ರೋಕಿಗೆ 4.2 ಜಿ ಬರುತ್ತದೆ. ತಯಾರಕರು ಕೊಟ್ಟ ಮಿತಿಯೊಳಗೆ ಎರಡೂ ಮೋಟಾರ್‌ಗಳ ನಡುಕ ಹುಟ್ಟಿಸುವ ತೂಕದ ಬಿಲ್ಲೆಗಳನ್ನು, ನಾಲ್ಕೂ ತುದಿಗಳಲ್ಲಿ ಒಂದೇ ಗುರುತಿಗೆ, ಹೆಚ್ಚಿಸಿ.

ಎಲ್ಲ ಸರಿಯಿದ್ದೂ ಮರಳು ಒದ್ದೆಯೇ ಎಂದರೆ 75 ಮೈಕ್ರಾನ್ ಜರಡಿಯಲ್ಲಿ ಒದ್ದೆ ಪರೀಕ್ಷೆ ಮಾಡಿಸಿ. ಕಲ್ಲುಪುಡಿ ಮರಳಿಗೆ ಐಎಸ್ 383 (ಕಾಂಕ್ರೀಟಿನ ಮರಳು–ಜಲ್ಲಿಯ ಭಾರತೀಯ ಮಾನಕ) ಕೊಟ್ಟಿರುವ ಮಿತಿ 15%. ಈ ಪುಡಿ ಹೆಚ್ಚಿದಷ್ಟೂ ಪದರದ ಸಂದಿಗಳು ಮುಚ್ಚಿಹೋಗಿ ನೀರು ಒಳಗೇ ಉಳಿಯುತ್ತದೆ. ಜರಡಿ ಎಷ್ಟು ನಡುಗಿದರೂ ಬಿಡುವುದಿಲ್ಲ. ಒಂದು ಮಾತು: ಒಳ್ಳೆಯ ಡಿವಾಟರಿಂಗ್ ಸ್ಕ್ರೀನೂ ಕೊಡುವುದು 12–15% ತೇವದ ಮರಳನ್ನು. ಬೆಲ್ಟ್ ಮೇಲೆ ನಿಲ್ಲುತ್ತದೆ, ರಾಶಿ ಹಾಕಬಹುದು, ಅಷ್ಟೇ. ಒಣ ಮರಳು ಕೊಡುತ್ತೇವೆ ಎಂದು ಹೇಳಿ ಮಾರುವವರ ಮಾತಿಗೆ ಬೆಲೆ ಕೊಡಬೇಡಿ.

ಪ್ರಶ್ನೆ: ಅದಿರು ತೊಳೆಯುವ ಘಟಕದ ಜರಡಿಯಲ್ಲಿ ಒಂದು ಮೋಟಾರ್ ಸುಟ್ಟು ರೀವೈಂಡಿಂಗ್ ಮಾಡಿಸಿದೆವು. ಈಗ ಜರಡಿ ಜೋರಾಗಿಯೇ ನಡುಗುತ್ತದೆ, ಆದರೆ ಅದಿರು ಮುಂದೆ ಸಾಗದೆ ಮಧ್ಯದಲ್ಲಿ ಗುಡ್ಡೆಯಾಗುತ್ತದೆ. (ಸಂಡೂರು)

ಎರಡೂ ಮೋಟಾರ್‌ಗಳು ಒಂದೇ ದಿಕ್ಕಿಗೆ ತಿರುಗುತ್ತಿವೆ. ವಿರುದ್ಧ ದಿಕ್ಕಿಗೆ ತಿರುಗಿದಾಗ ಮಾತ್ರ ಪಕ್ಕದ ಬಲಗಳು ಒಂದನ್ನೊಂದು ಕಳೆದು, ಓರೆಯಾಗಿ ಮುಂದಕ್ಕೆಸೆಯುವ ನೇರ ಚಲನೆ ಉಳಿಯುತ್ತದೆ. ಖಚಿತಪಡಿಸಿಕೊಳ್ಳಲು ಪಕ್ಕದ ಪ್ಲೇಟಿಗೆ ಬಿಳಿ ಕಾಗದ ಅಂಟಿಸಿ, ಜರಡಿ ಓಡುವಾಗ ಕೈಯನ್ನು ಹೊರಗಿನ ಗಟ್ಟಿ ಆಧಾರಕ್ಕೆ ಊರಿ ಪೆನ್ಸಿಲ್ ಮೊನೆಯನ್ನು ಕ್ಷಣಕಾಲ ತಾಗಿಸಿ. ಸುಮಾರು 45 ಡಿಗ್ರಿ ಓರೆಯ ಸಣ್ಣ ಗೆರೆ ಮೂಡಿದರೆ ಸರಿ. ಅದರ ಉದ್ದವೇ ಸ್ಟ್ರೋಕ್. ಮೊಟ್ಟೆಯಾಕಾರ ಅಥವಾ ವೃತ್ತ ಮೂಡಿದರೆ ದಿಕ್ಕು ತಪ್ಪಿದೆ. ಮುಖ್ಯ ಸ್ವಿಚ್ ಆರಿಸಿ, ಬೀಗ ಹಾಕಿ, ಒಂದೇ ಒಂದು ಮೋಟಾರಿನ ಎರಡು ಫೇಸ್ ಅದಲುಬದಲು ಮಾಡಿ.

ಈ ಪರೀಕ್ಷೆಯನ್ನು ನಾಲ್ಕೂ ಮೂಲೆಗಳಲ್ಲಿ ಮಾಡಿ. ಎಡ–ಬಲದ ಗೆರೆಗಳ ಉದ್ದ ಬೇರೆಯಾದರೆ ಸ್ಪ್ರಿಂಗ್ ಕುಸಿದಿರಬಹುದು, ತೂಕದ ಬಿಲ್ಲೆಗಳ ಗುರುತು ತಪ್ಪಿರಬಹುದು. ಸ್ಪ್ರಿಂಗಿನ ಸುತ್ತುಗಳ ನಡುವೆ ಮರಳು ಗಟ್ಟಿಯಾಗಿ ಕೂತಿರುವುದೂ ಉಂಟು, ಮೊದಲು ಅದನ್ನೇ ತೊಳೆದು ನೋಡಿ. ಸ್ಪ್ರಿಂಗ್ ಬದಲಿಸುವುದಾದರೆ ಒಂದನ್ನೇ ಬದಲಿಸಬೇಡಿ, ಒಂದು ತುದಿಯ ಎಡ–ಬಲ ಜೋಡಿಯನ್ನು ಒಟ್ಟಿಗೆ ಬದಲಿಸಿ.

ಪ್ರಶ್ನೆ: ಮಂಗಳೂರು ಕಡೆ ಪೈಪ್‌ಲೈನಿಗೆ ಎಚ್‌ಡಿಡಿ (ಕಾಲುವೆ ತೋಡದೆ ನೆಲದಡಿ ಅಡ್ಡಲಾಗಿ ಕೊರೆಯುವ ವಿಧಾನ) ಕೊರೆಯುತ್ತೇವೆ. ಮಡ್ ಶೇಕರ್‌ಗೆ (ಕೊರೆತದ ಬೆಂಟೊನೈಟ್ ದ್ರವ, ಅಂದರೆ ಮಡ್ ಸೋಸುವ ಜರಡಿ) 200 ಮೆಶ್ (ಇಂಚಿಗೆ 200 ಕಣ್ಣು) ಸ್ಕ್ರೀನ್ ಹಾಕಿದ್ದೇವೆ. ಬೆಂಟೊನೈಟ್ ಜರಡಿಯ ಮೇಲೇ ಹರಿದು ತುದಿಯಿಂದ ಹೊರಹೋಗುತ್ತಿದೆ. ಆದರೂ ಟ್ಯಾಂಕಿನ ಮಡ್ ದಿನದಿನಕ್ಕೆ ಭಾರವಾಗುತ್ತಿದೆ.

ನಿಮ್ಮಲ್ಲಿ ಎರಡು ಬೇರೆ ಬೇರೆ ತೊಂದರೆಗಳಿವೆ. ಮಡ್ ಭಾರವಾಗುತ್ತಿರುವುದು ಶೇಡಿ ಮಣ್ಣಿನಿಂದ. ಜಂಬಿಟ್ಟಿಗೆಯ ಕೆಳಗೆ ಸಿಗುವ ಆ ಮಣ್ಣಿನಲ್ಲಿ ನುಣುಪಾದ ಹೂಳಿನ ಪಾಲು ಹೆಚ್ಚು, ಅದು ಯಾವ ಶೇಕರ್ ಮೆಶ್‌ನಿಂದಲೂ ದಾಟಿಹೋಗುತ್ತದೆ. ಅದಕ್ಕೆ ಶೇಕರಿನ ನಂತರ ಡೀಸ್ಯಾಂಡರ್ (ಮರಳು ತೆಗೆಯುವ ಸೈಕ್ಲೋನ್), ಆಮೇಲೆ 4 ಇಂಚಿನ ಕೋನ್‌ಗಳ ಡೀಸಿಲ್ಟರ್ (ಹೂಳು ತೆಗೆಯುವ ಸಣ್ಣ ಸೈಕ್ಲೋನ್‌ಗಳು) ಬೇಕು. ಮೆಶ್ ಸಣ್ಣದು ಮಾಡಿ ಆ ಕೆಲಸ ಶೇಕರಿನಿಂದ ಮಾಡಿಸಲು ಹೋದದ್ದೇ ಮೊದಲ ತೊಂದರೆಗೆ ದಾರಿಯಾಯಿತು.

200 ಎಂಬ ಅಂಕಿಯೂ ಮೋಸ ಮಾಡುತ್ತದೆ. ಎಪಿಐ (ಅಮೆರಿಕನ್ ಪೆಟ್ರೋಲಿಯಂ ಇನ್‌ಸ್ಟಿಟ್ಯೂಟ್) ಗುರುತಿನ ಪ್ರಕಾರ 200 ಎಂದರೆ 69ರಿಂದ 82.5 ಮೈಕ್ರಾನ್ ನಡುವೆ ಕತ್ತರಿಸುವ, ಅಂದರೆ ಅದಕ್ಕಿಂತ ದೊಡ್ಡ ಕಣಗಳನ್ನು ತಡೆಯುವ ಸ್ಕ್ರೀನ್. ಲೇಬಲ್‌ನಲ್ಲಿ ಬರೀ ಮೆಶ್ ಎಂದಿದ್ದರೆ ಅದು ಏನು ಬೇಕಾದರೂ ಇರಬಹುದು. ಎಪಿಐ ಅಂಕಿಯ ಜೊತೆ ಕಂಡಕ್ಟನ್ಸ್ ನಮೂದಿಸಿರುವ ಸ್ಕ್ರೀನನ್ನೇ ಕೊಳ್ಳಿ. ಕತ್ತರಿಸುವ ಗಾತ್ರ ಒಂದೇ ಇರುವ ಎರಡು ಸ್ಕ್ರೀನ್‌ಗಳಲ್ಲಿ ಕಂಡಕ್ಟನ್ಸ್ ಹೆಚ್ಚಿರುವುದು ಹೆಚ್ಚು ದ್ರವ ಇಳಿಸುತ್ತದೆ.

ಈಗ ಎಪಿಐ 100ಕ್ಕೆ ಇಳಿಯಿರಿ, ಅದು 137.5ರಿಂದ 165 ಮೈಕ್ರಾನ್. ದ್ರವ ಡೆಕ್ಕಿನ ಉದ್ದದ 75–80% ವರೆಗೆ ಬಂದು ಅಲ್ಲಿಂದ ಮುಂದೆ ಒದ್ದೆ ಮಣ್ಣು ಮಾತ್ರ ಉಳಿದರೆ ಸರಿಯಾದ ಮೆಶ್. ದ್ರವ ಅರ್ಧಕ್ಕೇ ಮುಗಿದರೆ ಒಂದು ಹೆಜ್ಜೆ ಸಣ್ಣ ಮೆಶ್‌ಗೆ ಹೋಗಬಹುದು. ಡೆಕ್ಕಿನ ತುದಿ ಏರಿಸಿದರೆ ಹೆಚ್ಚು ದ್ರವ ಹಿಡಿಯುತ್ತದೆ ನಿಜ, ಆದರೆ ಕಲ್ಲುಚೂರು ಅಲ್ಲೇ ಕುಣಿದು ಪುಡಿಯಾಗಿ ಮಡ್ಡಿಗೇ ಸೇರುತ್ತದೆ, ಬಲೆಯೂ ಹರಿಯುತ್ತದೆ. ಅಂಟು ಜೇಡಿ ಬಂದಾಗ ಡೆಕ್ಕನ್ನು ಮಟ್ಟಸಕ್ಕೆ ಅಥವಾ ತುಸು ಕೆಳಮುಖಕ್ಕೆ ತನ್ನಿ.

ಬಲೆಯ ಮೇಲೆ ಲೋಳೆಯಂಥ ಗಂಟುಗಳು ಹೊಳೆಯುತ್ತಿದ್ದರೆ ಅದು ಕರಗದ ಪಾಲಿಮರ್. ನೀರಿಗೆ ಮೊದಲು ಸೋಡಾ ಆ್ಯಶ್ ಹಾಕಿ ಪಿಎಚ್ 8.5–9.5ಕ್ಕೆ ತನ್ನಿ, ಆಮೇಲೆ ಬೆಂಟೊನೈಟ್, ಕೊನೆಗೆ ಪಾಲಿಮರ್. ಕ್ರಮ ತಪ್ಪಿದರೆ ಬೆಂಟೊನೈಟ್ ಅರಳುವುದೇ ಇಲ್ಲ. ಹೊರಬಂದ ಮಡ್ಡಿನ ಸಾಂದ್ರತೆಯನ್ನು ಪ್ರತಿ ಪೈಪಿಗೂ ಮಡ್ ಬ್ಯಾಲೆನ್ಸಿನಲ್ಲಿ (ಸಾಂದ್ರತೆ ಅಳೆಯುವ ತಕ್ಕಡಿ) ಅಳೆದು ಬರೆದಿಡಿ. 1.10 ದಾಟಿದರೆ ಒಂದಷ್ಟು ಮಡ್ ತೆಗೆದು ಹೊಸದು ಸೇರಿಸಿ. ಹರಿದ ಸ್ಕ್ರೀನ್ ಇಟ್ಟುಕೊಂಡು ಪಕ್ಕದ್ದನ್ನು ಸಣ್ಣದು ಮಾಡುವುದರಿಂದ ಏನೂ ಸಿಗದು, ಆ ಒಂದು ತೂತಿನಿಂದಲೇ ಎಲ್ಲ ಇಳಿದುಹೋಗುತ್ತದೆ.

ಪ್ರಶ್ನೆ: ವಿದೇಶದಿಂದ ತರಿಸಿದ ಹಳೆಯ ಶೇಕರ್ ಇಲ್ಲಿ ಸಪ್ಪೆಯಾಗಿ ನಡುಗುತ್ತದೆ. ಮೋಟಾರ್ ಬದಲಿಸಬೇಕೇ?

ಮೋಟಾರಿನ ಮೇಲಿನ ನೇಮ್‌ಪ್ಲೇಟ್ ಓದಿ. ಅದು 60 ಹರ್ಟ್ಸ್, 1,750 ಆರ್‌ಪಿಎಂನ ಯಂತ್ರವಾಗಿದ್ದರೆ ನಮ್ಮ 50 ಹರ್ಟ್ಸ್‌ನಲ್ಲಿ 1,450ಕ್ಕೆ ಇಳಿದಿದೆ. ಸ್ಟ್ರೋಕ್ ಹಾಗೇ ಇರುತ್ತದೆ, ಜಿ-ಫೋರ್ಸ್ ಮಾತ್ರ ಮೂರನೇ ಒಂದು ಭಾಗದಷ್ಟು ಬಿದ್ದುಹೋಗುತ್ತದೆ. ಮೋಟಾರಿನ ವೋಲ್ಟೇಜ್ ನಮ್ಮ 50 ಹರ್ಟ್ಸ್ ಸರಬರಾಜಿಗೆ ಹೊಂದುತ್ತದೆಯೇ ಎಂದು ಮೊದಲು ಖಚಿತಪಡಿಸಿಕೊಳ್ಳಿ. ಹೊಂದಿದರೆ, ಮೋಟಾರ್ ಕೈಪಿಡಿಯಲ್ಲಿ 50 ಹರ್ಟ್ಸ್‌ಗೆ ಹೇಳಿರುವ ಗುರುತಿಗೆ ತೂಕ ಹೆಚ್ಚಿಸಿ. ಮುಂದೆ ಯಾರಾದರೂ ವಿಎಫ್‌ಡಿ (ಹರ್ಟ್ಸ್ ಬದಲಿಸಿ ಮೋಟಾರಿನ ವೇಗ ಹೊಂದಿಸುವ ಸಾಧನ) ಹಾಕಿ 60ಕ್ಕೆ ಏರಿಸುವ ಯೋಚನೆ ಮಾಡಿದರೆ ಮೊದಲು ಆ ತೂಕ ಇಳಿಸಲು ಹೇಳಿ. ಹಾಗೇ ಬಿಟ್ಟರೆ ಬಲ 44% ಏರುತ್ತದೆ, ಬೇರಿಂಗ್ ತಾಳುವುದಿಲ್ಲ. ಎರಡೂ ಮೋಟಾರ್ ಒಂದೇ ವಿಎಫ್‌ಡಿಯಲ್ಲಿರಲಿ, ಓವರ್‌ಲೋಡ್ ರಿಲೇ ಮಾತ್ರ ಬೇರೆಬೇರೆ.

ಪ್ರಶ್ನೆ: ಪಕ್ಕದ ಪ್ಲೇಟಿನಲ್ಲಿ ಬಿರುಕು ಬಿಟ್ಟಿದೆ. ವೆಲ್ಡಿಂಗ್ ಮಾಡಿದರೆ ಕೆಲವು ವಾರದಲ್ಲಿ ಅದರ ಪಕ್ಕದಲ್ಲೇ ಮತ್ತೆ ಬಿರುಕು.

ವೆಲ್ಡಿಂಗಿನ ಕಾವು ತಗುಲಿದ ಅಂಚು ಗಡುಸಾಗುತ್ತದೆ, ನಡುಕ ಅಲ್ಲಿಂದಲೇ ಹೊಸ ಬಿರುಕು ಎಬ್ಬಿಸುತ್ತದೆ. ಒಳ್ಳೆಯ ಜರಡಿಗಳ ಪಕ್ಕದ ಪ್ಲೇಟನ್ನು ಬೋಲ್ಟ್ ಅಥವಾ ಹಕ್ ಬೋಲ್ಟಿನಿಂದ (ನಡುಕಕ್ಕೆ ಸಡಿಲಾಗದ ಬೋಲ್ಟ್) ಜೋಡಿಸಿರುವುದೂ ಇದಕ್ಕೇ. ತಾತ್ಕಾಲಿಕವಾಗಿ ಬಿರುಕಿನ ಎರಡೂ ಕೊನೆಯಲ್ಲಿ 10–12 ಮಿ.ಮೀ. ತೂತು ಕೊರೆದು, ಅಂಚು ನಯಗೊಳಿಸಿ, ಮೇಲೆ ಬೋಲ್ಟ್ ಹಾಕಿದ ತೇಪೆ ಪ್ಲೇಟ್ ಕೂರಿಸಿ. ಕೊರೆದ ತೂತು ಬಿರುಕಿನ ನಿಜವಾದ ತುದಿಯನ್ನು ದಾಟಿರಬೇಕು. ಡೈ ಪೆನೆಟ್ರಂಟ್ (ಬಿರುಕಿನೊಳಗೆ ಇಳಿದು ಅದನ್ನು ತೋರಿಸುವ ಬಣ್ಣ) ಸಿಂಪಡಿಸಿ ನೋಡದೆ ಆ ತುದಿ ಕಣ್ಣಿಗೆ ಸಿಗುವುದಿಲ್ಲ. ಆಮೇಲೆ ಕಾರಣ ಹುಡುಕಿ: ಸಡಿಲ ಮೋಟಾರ್ ಬೋಲ್ಟ್, ಕುಸಿದ ಸ್ಪ್ರಿಂಗ್, ಇಲ್ಲವೇ ಚ್ಯೂಟಿಗೆ ತಾಗುವ ಡೆಕ್. ಜರಡಿ ನಿಲ್ಲುವಾಗ ರೆಸೊನೆನ್ಸ್ (ನಡುಕ ತಾನಾಗಿ ಹೆಚ್ಚುವ ವೇಗ) ದಾಟುತ್ತಾ ಜೋರಾಗಿ ಹೊಯ್ದಾಡುತ್ತದೆ. ಸುತ್ತಲೂ 50–75 ಮಿ.ಮೀ. ಅಂತರವಿಲ್ಲದಿದ್ದರೆ ಪ್ರತಿ ಸಂಜೆ ಒಂದೊಂದು ಏಟು ಗ್ಯಾರಂಟಿ. ಅನಿವಾರ್ಯವಾಗಿ ಹತ್ತಿರದಲ್ಲಿ ವೆಲ್ಡ್ ಮಾಡುವಾಗ ಅರ್ಥ್ ಕ್ಲಾಂಪನ್ನು ಕೆಲಸದ ಪಕ್ಕದಲ್ಲೇ ಹಾಕಿ. ಕರೆಂಟು ಮೋಟಾರಿನ ಬೇರಿಂಗ್ ಮೂಲಕ ಹರಿದರೆ ಅದರ ರೋಲರ್‌ಗಳಲ್ಲಿ ಗುಳಿ ಬೀಳುತ್ತದೆ. ಮೋಟಾರ್ ಬೋಲ್ಟುಗಳು 8.8 ದರ್ಜೆಯವು, ನಟ್ಟುಗಳು ಸೆಲ್ಫ್ ಲಾಕಿಂಗ್ ಇರಲಿ. ಮೊದಲ ಅರ್ಧ ಗಂಟೆ ಓಡಿಸಿ ಒಮ್ಮೆ, ಮೊದಲ ಶಿಫ್ಟ್ ಮುಗಿದ ಮೇಲೆ ಇನ್ನೊಮ್ಮೆ ಟಾರ್ಕ್ ರೆಂಚ್‌ನಿಂದ ಬಿಗಿ ಮಾಡಿ.

ಪ್ರಶ್ನೆ: ತೆಂಗಿನ ಹಾಲು ಸೋಸಲು 30 ಇಂಚಿನ ದುಂಡನೆಯ ವೈಬ್ರೊ ಸಿಫ್ಟರ್ ತಂದಿದ್ದೇವೆ. ಚರಟ (ಹಾಲು ಸೋಸಿ ಉಳಿದ ತಿರುಳು) ಮಧ್ಯದಲ್ಲೇ ಸುತ್ತುತ್ತದೆ, ಹೊರಬಾಯಿಗೆ ಬರುವುದಿಲ್ಲ. (ತಿಪಟೂರು)

ಮೋಟಾರಿನ ಮೇಲಿನ ಮತ್ತು ಕೆಳಗಿನ ತೂಕಗಳ ನಡುವಿನ ಕೋನ ಹೆಚ್ಚಾಗಿದೆ. ಕೋನ 90ರ ಹತ್ತಿರ ಹೋದಂತೆ ಘನ ಪದಾರ್ಥ ಮಧ್ಯಕ್ಕೆ ಸೇರುತ್ತದೆ, ಸೊನ್ನೆಯಲ್ಲಿ ನೇರ ಅಂಚಿಗೆ ಓಡುತ್ತದೆ. ಸುಮಾರು 35 ಡಿಗ್ರಿಗೆ ಇಟ್ಟರೆ ಸುರುಳಿಯಾಗಿ ಸುತ್ತಿ, ಹಾಲು ಬಿಟ್ಟು, ಹೊರಬಾಯಿಗೆ ಬರುತ್ತದೆ. ಚರಟ ಇನ್ನೂ ಒದ್ದೆಯಿದ್ದರೆ 45ಕ್ಕೆ ಏರಿಸಿ, ಹೊರಗೆ ಹೋಗುವುದು ನಿಧಾನವಾಗುತ್ತದೆ. ಕೆಳಗಿನ ತೂಕ ಹೆಚ್ಚಿಸಿದರೆ ಮೇಲೆ–ಕೆಳಗಿನ ಕುಣಿತ ಹೆಚ್ಚಿ ಬಲೆ ಕಟ್ಟಿಕೊಳ್ಳುವುದು ಕಡಿಮೆಯಾಗುತ್ತದೆ.

80 ಮೆಶ್, ಅಂದರೆ ಸುಮಾರು 180 ಮೈಕ್ರಾನ್, ಆರಂಭಕ್ಕೆ ಸಾಕು. ಕೆಲಸ ನಿಂತ ಕೂಡಲೇ ಬಲೆ ಬಿಚ್ಚಿ ಬಿಸಿನೀರಿನಲ್ಲಿ ತೊಳೆಯಿರಿ. ತಣ್ಣಗಾದ ತೆಂಗಿನ ಕೊಬ್ಬು ಸುಮಾರು 24 ಡಿಗ್ರಿಗೇ ಗಟ್ಟಿಯಾಗಿ ಕಣ್ಣುಗಳನ್ನು ಮುಚ್ಚುತ್ತದೆ, ಆಮೇಲೆ ಬ್ರಶ್ ಹಾಕಿ ಉಜ್ಜಿದರೆ ತಂತಿ ಸರಿದು ಕಣ್ಣು ದೊಡ್ಡದಾಗುತ್ತದೆ.